ಕಾಟು ಮಾವಿನ ಹಣ್ಣಿಗೆ ಹುಳ ಬಿದ್ದರೆ: ಕಾರಣ ಹುಡುಕುವ ಬಗೆ

ಮೇಲಿನಿಂದ ನೋಡಿದರೆ ಹಣ್ಣು ಚೆನ್ನಾಗಿಯೇ ಇರುತ್ತದೆ. ಬಣ್ಣ ತಿರುಗಿದೆ, ಪರಿಮಳ ಮನೆ ತುಂಬಾ ಇದೆ. ಗೊಜ್ಜಿಗೆಂದು ತೊಟ್ಟು ಚಿವುಟಿ, ಸಿಪ್ಪೆ ಸುಲಿದು ಹಿಂಡಿದರೆ ತಿರುಳಿನ ಬದಲು ನೀರುನೀರಾದ ಲೋಳೆ ಕೈಗೆ ಬರುತ್ತದೆ. ಅದರೊಳಗೆ ಅಕ್ಕಿನುಚ್ಚಿನಂಥ ಬಿಳಿ ಹುಳಗಳು ಮಿಸುಕಾಡುತ್ತವೆ. ಒಂದು ಹಣ್ಣು ಎಸೆದು ಇನ್ನೊಂದು ಸುಲಿದರೆ ಅದರಲ್ಲೂ ಅದೇ. ಬುಟ್ಟಿ ಹಣ್ಣಿನಲ್ಲಿ ಹತ್ತು ಉಳಿದರೆ ಜಾಸ್ತಿ.

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಎರಡು ಕಾಟು ಮಾವಿನ ಮರಗಳಿವೆ. ಘಟ್ಟದ ಮೇಲಿನವರು ಕಾಡುಮಾವು ಅನ್ನುತ್ತಾರೆ. ಒಂದರ ಹಣ್ಣು ಸಾಸಿವೆ ಅನ್ನುವ ಪದಾರ್ಥಕ್ಕೆ, ಇನ್ನೊಂದರದ್ದು ರಸವನ್ನು ಚಾಪೆಯ ಮೇಲೆ ಹರಡಿ ಒಣಗಿಸುವ ಮಾಂಬಳಕ್ಕೆ. ಯಾರೂ ನೆಟ್ಟಿದ್ದಲ್ಲ, ಯಾರೂ ಗೊಬ್ಬರ ಹಾಕಿದ್ದಲ್ಲ. ಮೂರು ವರ್ಷ ಸತತವಾಗಿ ಹುಳ ಬಿದ್ದು ಮಾಂಬಳದ ಚಾಪೆ ಬಿಚ್ಚುವ ಕೆಲಸವೇ ಬರಲಿಲ್ಲ. ಆಮೇಲೆ ಕೂತು ಒಂದೊಂದೇ ಕಾರಣ ಹುಡುಕುತ್ತಾ ಹೋದೆ. ನಿಮ್ಮ ಮರಕ್ಕೂ ಇದೇ ಆಗಿದ್ದರೆ ಇದೇ ಕ್ರಮದಲ್ಲಿ ನೋಡಿ. ಮೊದಲ ಎರಡು ಹಂತ ಬಿಟ್ಟು ನೇರವಾಗಿ ನೊಣ ಹಿಡಿಯುವ ಟ್ರ್ಯಾಪ್ ತರಲು ಅಂಗಡಿಗೆ ಹೋಗಬೇಡಿ. ನಾನು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆ.

ಯಾವ ಹುಳ ಅಂತ ಮೊದಲು ನೋಡಿ

"ಮಾವಿಗೆ ಹುಳ" ಅಂದರೆ ಒಂದೇ ಅಲ್ಲ. ಹಣ್ಣನ್ನು ಗೊರಟಿನವರೆಗೆ ಅಡ್ಡಲಾಗಿ ಕೊಯ್ದು ಬೆಳಕಿಗೆ ಹಿಡಿಯಿರಿ.

ಹುಳ ತಿರುಳಿನಲ್ಲಿದೆಯಾ? ಒಂದಲ್ಲ, ಹತ್ತಾರು ಇವೆಯಾ? ಕಾಲಿಲ್ಲ, ತಲೆ ಅಂತ ಬೇರೆ ಕಾಣುವುದಿಲ್ಲ, ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡಾಗಿ ಅಲ್ಲಿ ಎರಡು ಸಣ್ಣ ಕಪ್ಪು ಚುಕ್ಕಿ ಇದೆಯಾ? ಹಾಗಿದ್ದರೆ ಅದು ಹಣ್ಣು ನೊಣದ ಮರಿ. ಬಲಿತದ್ದನ್ನು ಒಂದು ತಟ್ಟೆಯಲ್ಲಿ ಬಿಟ್ಟು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಮೈಯನ್ನು ಬಳೆಯ ಹಾಗೆ ಬಾಗಿಸಿ, ಬಾಯಿಯಿಂದ ಬಾಲ ಹಿಡಿದು, ಥಟ್ಟನೆ ಬಿಟ್ಟು ಹಾರುತ್ತದೆ. ಒಂದು ಸೆಂಟಿಮೀಟರ್ ಉದ್ದವೂ ಇಲ್ಲದ ಹುಳ ತಟ್ಟೆಯ ಅಂಚು ದಾಟಿ ನೆಲಕ್ಕೆ ಬಿತ್ತು. ಹೀಗೆ ಹಾರಿದರೆ ಅನುಮಾನವೇ ಬೇಡ.

ತಿರುಳು ಸರಿ ಇದೆ, ಆದರೆ ಗೊರಟು ಒಡೆದರೆ ಒಳಗೆ ಕಂದು ತಲೆಯ ದಪ್ಪ ಬಿಳಿ ಹುಳವೋ, ಸೊಂಡಿಲಿನಂಥ ಮೂತಿಯ ಕಪ್ಪು ಕಂದು ಕೀಟವೋ ಇದೆ ಅಂದರೆ ಅದು ಗೊರಟಿನ ಹುಳ. ಬಯಲುಸೀಮೆಯವರು ಓಟೆ ಹುಳ ಅನ್ನುತ್ತಾರೆ. ಅದು ಕಾಯಿ ಗೋಲಿಯಷ್ಟು, ನಿಂಬೆಯಷ್ಟು ಇರುವಾಗಲೇ ಮೊಟ್ಟೆಯಿಟ್ಟು ಹೋಗಿರುತ್ತದೆ. ಗಾಯ ಮಾಗಿ ಹೊರಗೆ ಗುರುತೇ ಇರುವುದಿಲ್ಲ. ಈ ಬರಹದ ಉಪಾಯಗಳು ಅದಕ್ಕೆ ನಾಟುವುದಿಲ್ಲ.

ಸಿಪ್ಪೆಯ ಮೇಲೆ ಕಪ್ಪು ಮಚ್ಚೆ, ತಗ್ಗಾದ ಕಲೆ ಇದೆ, ಒಳಗೆ ಹುಳ ಇಲ್ಲ ಅಂದರೆ ಚಿಬ್ಬು ರೋಗ. ಅದು ಶಿಲೀಂಧ್ರದ ಕೆಲಸ. ಇನ್ನು, ಅಡುಗೆಮನೆಯಲ್ಲಿ ಇಟ್ಟ ಹಣ್ಣಿನ ಮೇಲೆ ಎಳ್ಳಿನ ಗಾತ್ರದ ಕೆಂಪು ಕಣ್ಣಿನ ಸಣ್ಣ ನೊಣಗಳು ಮುತ್ತುತ್ತವಲ್ಲ, ಎಷ್ಟೋ ಜನ ಅದನ್ನೇ ಹಣ್ಣು ನೊಣ ಅಂದುಕೊಳ್ಳುತ್ತಾರೆ. ಅವು ಹಣ್ಣು ಒಡೆದ ಮೇಲೆ, ಕೊಳೆಯಲು ಶುರುವಾದ ಮೇಲೆ ಬರುವಂಥವು. ನಮ್ಮ ಹಣ್ಣು ಕೆಡಿಸಿದ್ದು ಅವಲ್ಲ.

ನಿಜವಾದ ಹಣ್ಣು ನೊಣ ಮನೆಯ ನೊಣದಷ್ಟೇ ದೊಡ್ಡದು, ಆದರೆ ನೋಡಲು ಸಣ್ಣ ಕಣಜದ ಹಾಗೆ. ಬೆನ್ನಿನ ಎರಡೂ ಬದಿಗೆ ಹಳದಿ ಪಟ್ಟೆ. ಸೊಂಟ ಸಪೂರ. ಹೆಣ್ಣಿಗೆ ಹಿಂದೆ ಚೂಪಾದ ಸೂಜಿಯಂಥ ತುದಿ. ಮಾವಿಗೆ ಜಾಸ್ತಿ ಕಾಟ ಕೊಡುವುದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಅನ್ನುವ ಜಾತಿ. ಅದಕ್ಕೆ 300ಕ್ಕೂ ಹೆಚ್ಚು ಬಗೆಯ ಹಣ್ಣು, ಕಾಯಿ ಆಗುತ್ತದೆ.

ಹುಳ ಯಾವಾಗ ಒಳಗೆ ಹೋಯಿತು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ನಮ್ಮ ದೊಡ್ಡಮ್ಮ ಯಾವಾಗಲೂ ಹೇಳುವುದು, "ಮೊದಲ ಮಳೆ ಬಿದ್ದ ಮೇಲೆ ಕಾಟು ಮಾವು ತಿನ್ನಬಾರದು, ಮಳೆ ನೀರಿಗೆ ಹುಳ ಹುಟ್ಟುತ್ತದೆ" ಅಂತ. ನೀರಿಗೆ ಹುಳ ಹುಟ್ಟುವುದಿಲ್ಲ. ಆದರೆ ದೊಡ್ಡಮ್ಮ ಕಂಡದ್ದು ಸುಳ್ಳಲ್ಲ. ಮೇ ತಿಂಗಳ ಅಡ್ಡಮಳೆ ಬಿದ್ದು ಮಣ್ಣು ಮೆತ್ತಗಾದಾಗ ನೆಲದೊಳಗಿನ ಕೋಶಗಳಿಂದ ನೊಣಗಳು ಚೆನ್ನಾಗಿ ಎದ್ದು ಬರುತ್ತವೆ. ಅದೇ ಹೊತ್ತಿಗೆ ಗುಡ್ಡದ ಮರಗಳಲ್ಲಿ ಹಣ್ಣು ತಿರುಗುತ್ತದೆ. ಎರಡೂ ಒಟ್ಟಿಗೆ ಸೇರುವುದರಿಂದ ಮೇ ಕೊನೆಯಿಂದ ಜುಲೈವರೆಗಿನ ಹಣ್ಣಿಗೆ ಹೊಡೆತ ಜಾಸ್ತಿ. ಮೊದಲು ಹಣ್ಣಾಗುವ ಮರ ಹೆಚ್ಚಾಗಿ ಪಾರಾಗುತ್ತದೆ, ತಡವಾಗಿ ಹಣ್ಣಾಗುವುದು ಸಿಕ್ಕಿಬೀಳುತ್ತದೆ.

ಒಂದು ದಿನ ಬೆಳಗ್ಗೆ, ಕೈಗೆ ಎಟಕುವ ಕೊಂಬೆಯೊಂದರ ಹತ್ತಿರ ನಿಂತು ನೋಡಿದೆ. ಕಾಯಿ ಇನ್ನೂ ಹಸಿರೇ, ತೊಟ್ಟಿನ ಹೆಗಲಷ್ಟೇ ಉಬ್ಬಿ ಬಣ್ಣ ತೆಳುವಾಗಿತ್ತು. ಹೆಣ್ಣು ನೊಣವೊಂದು ಬಂದು ಕೂತು, ರೆಕ್ಕೆ ಅತ್ತಿತ್ತ ಆಡಿಸುತ್ತಾ ಸುತ್ತು ಹಾಕಿತು. ಮೂತಿಯಿಂದ ಸಿಪ್ಪೆ ಮುಟ್ಟಿ ಮುಟ್ಟಿ ನೋಡಿತು. ಆಮೇಲೆ ಒಂದು ಕಡೆ ನಿಂತು, ಹಿಂಭಾಗ ಕೆಳಗೆ ಬಾಗಿಸಿ, ಆ ಸೂಜಿ ಚುಚ್ಚಿ ಅಲ್ಲಾಡದೆ ನಿಂತಿತು. ಅದು ಎದ್ದು ಹೋದ ಮೇಲೆ ಆ ಜಾಗದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಸೊನೆಯ ಹನಿ. ಅಷ್ಟೇ. ಮರುದಿನ ಹನಿ ಒಣಗಿ ಸೂಜಿಮೊನೆಯಷ್ಟು ಚುಕ್ಕೆ ಉಳಿಯಿತು. ಅಲ್ಲಿ ಬ್ಲೇಡಿನಿಂದ ಸಿಪ್ಪೆ ತೆಳ್ಳಗೆ ಎತ್ತಿದರೆ ಕೆಳಗೆ ಬಾಳೆಹಣ್ಣಿನ ಆಕಾರದ, ಒಂದು ಮಿಲಿಮೀಟರಿನಷ್ಟು ಉದ್ದದ ಬಿಳಿ ಮೊಟ್ಟೆಗಳು ಒತ್ತೊತ್ತಾಗಿ ಇದ್ದವು.

ಆ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಹುಳ ವಾರದಿಂದ ಹತ್ತು ದಿನ ತಿರುಳು ತಿಂದು ಬೆಳೆಯುತ್ತದೆ. ಅಷ್ಟರಲ್ಲಿ ಹಣ್ಣು ಕಳಿತು ಬೀಳುತ್ತದೆ. ಹುಳ ಹಾರಿ ಹೊರಬಂದು ಮಣ್ಣಿನೊಳಗೆ ಎರಡು ಮೂರು ಬೆರಳಿನಷ್ಟು ಆಳಕ್ಕೆ ಹೋಗಿ ಕೋಶ ಕಟ್ಟುತ್ತದೆ. ಹತ್ತು ಹನ್ನೆರಡು ದಿನಕ್ಕೆ ಹೊಸ ನೊಣ. ಅದು ಬಲಿತು ಮೊಟ್ಟೆಯಿಡಲು ಮತ್ತೊಂದು ವಾರ, ಹತ್ತು ದಿನ. ಒಂದು ಸುತ್ತು ಹೆಚ್ಚುಕಡಿಮೆ ಒಂದು ತಿಂಗಳು.

ಅಂದರೆ ಇವತ್ತು ಕೈಯಲ್ಲಿ ಸಿಕ್ಕಿದ ಹುಳ ಒಳಗೆ ಹೋದದ್ದು ಹತ್ತು ದಿನದ ಹಿಂದೆ, ಕಾಯಿ ಹಸಿರಾಗಿದ್ದಾಗ. ಹಣ್ಣಾದ ಮೇಲೆ ಮಾಡುವ ಯಾವ ಉಪಾಯವೂ ಆ ಹಣ್ಣಿಗೆ ತಡವೇ. ನಾನು ಬಿದ್ದ ಹಣ್ಣನ್ನು ಉಪ್ಪು ನೀರಿನಲ್ಲಿ ತೊಳೆಯುತ್ತಿದ್ದೆ, ಒರೆಸಿ ಇಡುತ್ತಿದ್ದೆ. ಅದರಿಂದ ಏನೂ ಆಗಲಿಲ್ಲ. ಕೊಯ್ದ ತಿರುಳನ್ನು ಉಪ್ಪು ನೀರಿಗೆ ಹಾಕಿದರೆ ಹುಳ ಹೊರಗೆ ಬರುತ್ತದೆ, ನಿಜ. ಅದು ಹುಳ ಇದೆಯಾ ಅಂತ ನೋಡಲು ಒಳ್ಳೆಯದು, ಹಣ್ಣು ಉಳಿಸಲು ಅಲ್ಲ.

ಬಕೆಟ್ ಪರೀಕ್ಷೆ

ಒಂದು ಬಕೆಟ್ಟಿನ ತಳಕ್ಕೆ ನಾಲ್ಕು ಬೆರಳು ದಪ್ಪ ಒದ್ದೆ ಮರಳು ಹಾಕಿ. ಮೇಲೆ ಅನುಮಾನದ ಹತ್ತು ಹಣ್ಣು ಇಡಿ. ಹಳೆಯ ತೆಳು ಪಂಚೆಯಿಂದ ಬಾಯಿ ಬಿಗಿಯಾಗಿ ಕಟ್ಟಿ ನೆರಳಿನಲ್ಲಿಡಿ. ಎರಡು ವಾರ ಬಿಟ್ಟು ಮರಳು ಜರಡಿ ಹಿಡಿದರೆ ಕುಚ್ಚಲಕ್ಕಿ ಕಾಳಿನ ಹಾಗೆ ಕಾಣುವ ಕೆಂಗಂದು ಕೋಶಗಳು ಸಿಗುತ್ತವೆ. ಎಣಿಸಿ. ನನಗೆ ಹತ್ತು ಹಣ್ಣಿನಿಂದ ಇನ್ನೂರರ ಹತ್ತಿರ ಸಿಕ್ಕಿತು. ಅವನ್ನು ಒಂದು ಬಾಟಲಿಯಲ್ಲಿ ಹಾಕಿ ಬಟ್ಟೆ ಕಟ್ಟಿಟ್ಟರೆ ನೊಣ ಹೊರಬರುವುದನ್ನೂ ನೋಡಬಹುದು.

ನಮ್ಮ ಬಾಟಲಿಯಲ್ಲಿ ಕೆಲವು ಕೋಶಗಳಿಂದ ನೊಣದ ಬದಲು ಉದ್ದ ಬಾಲದ, ಕಿತ್ತಳೆ ಬಣ್ಣದ ತೀರಾ ಸಣ್ಣ ಕಣಜ ಬಂದವು. ಇವು ನಮ್ಮ ಕಡೆಯವರು. ನೊಣದ ಮೊಟ್ಟೆಯೊಳಗೋ ಮರಿಯೊಳಗೋ ತಮ್ಮ ಮೊಟ್ಟೆಯಿಟ್ಟು ಅದನ್ನೇ ತಿಂದು ಬೆಳೆಯುತ್ತವೆ. ಅವುಗಳನ್ನು ಕಂಡರೆ ಬಾಟಲಿಯನ್ನು ಮರದ ಹತ್ತಿರ ಒಯ್ದು ಕಣಜಗಳನ್ನಷ್ಟೇ ಬಿಟ್ಟುಬಿಡಿ. ಹವಾಯಿಯಲ್ಲಿ ಇದಕ್ಕೆಂದೇ ಬಿದ್ದ ಹಣ್ಣು ತುಂಬುವ ಗುಡಾರದಂಥ ಬಲೆಚೀಲ ಮಾಡಿದ್ದಾರೆ. ಬಲೆಯ ಕಣ್ಣಿನ ಅಳತೆ ಎಷ್ಟು ಅಂದರೆ ಕಣಜ ಹೊರಗೆ ಹೋಗುತ್ತದೆ, ನೊಣ ಒಳಗೇ ಸಾಯುತ್ತದೆ.

ಟ್ರ್ಯಾಪ್ ಹಾಕಿದೆ, ಆದರೂ ಹುಳ ಬಂತು

ಇದಕ್ಕೆ ಎರಡು ಕಾರಣ ಇರಬಹುದು.

ಮೊದಲನೆಯದು, ನೊಣವನ್ನು ಸೆಳೆಯಲು ಟ್ರ್ಯಾಪಿನೊಳಗೆ ಇಡುವ ಮದ್ದೇ ಬೇರೆ. ನಾನು ಪೇಟೆಯ ಅಂಗಡಿಯಲ್ಲಿ "ಹಣ್ಣು ನೊಣದ ಟ್ರ್ಯಾಪ್ ಕೊಡಿ" ಅಂದೆ. ಕೊಟ್ಟರು. ಮೂರು ವಾರ ಕಟ್ಟಿದರೂ ಮಾವಿನ ನೊಣ ಬೀಳಲಿಲ್ಲ, ಬಿದ್ದವೆಲ್ಲ ಕಂದು ಬಣ್ಣದ ಬೇರೆ ನೊಣ. ಪೊಟ್ಟಣ ತಿರುಗಿಸಿ ಓದಿದರೆ ಕ್ಯೂ ಲ್ಯೂರ್ ಅಂತ ಇತ್ತು. ಅದು ಹಾಗಲ, ಸೌತೆ, ಹೀರೆಯ ನೊಣಕ್ಕೆ. ಮಾವು, ಪೇರಳೆಯ ನೊಣಕ್ಕೆ ಬೇಕಾದದ್ದು ಮಿಥೈಲ್ ಯುಜೆನಾಲ್. ಕೊಳ್ಳುವಾಗ ಈ ಹೆಸರು ಇದೆಯಾ ಅಂತ ಓದಿಯೇ ತನ್ನಿ.

ಎರಡನೆಯದು, ಟ್ರ್ಯಾಪ್ ತುಂಬಾ ನೊಣ ಇದೆ, ಆದರೂ ಹಣ್ಣಿನಲ್ಲಿ ಹುಳ ಇದೆ. ಇಲ್ಲಿ ಟ್ರ್ಯಾಪಿನ ಕೆಲಸ ಅರ್ಥ ಮಾಡಿಕೊಳ್ಳಬೇಕು. ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಹೌಲೆಟ್ ಎಂಬ ಕೀಟತಜ್ಞರು 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಈ ನೊಣಗಳು ಮುತ್ತುವುದನ್ನು ಬರೆದರು. 1915ರಲ್ಲಿ ಆ ಸೆಳೆತದ ಮೂಲ ಮಿಥೈಲ್ ಯುಜೆನಾಲ್ ಅಂತ ತೋರಿಸಿದರು. ಬರುವುದೆಲ್ಲ ಗಂಡು ನೊಣ. ಚುಚ್ಚುವ ಹೆಣ್ಣು ಅದರ ಹತ್ತಿರವೂ ಸುಳಿಯುವುದಿಲ್ಲ. ಹೆಣ್ಣಿಗೆ ಗಂಡು ಸಿಗದ ಹಾಗೆ ಮಾಡುವುದೇ ಇದರ ಲೆಕ್ಕ. ಒಂದು ಗಂಡು ಎಷ್ಟೋ ಹೆಣ್ಣುಗಳನ್ನು ಕೂಡುವುದರಿಂದ, ಅರ್ಧ ಗಂಡು ಸತ್ತರೆ ಸಾಲದು, ಹೆಚ್ಚುಕಡಿಮೆ ಎಲ್ಲವೂ ಸಾಯಬೇಕು. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಈ ಮದ್ದು ಮತ್ತು ವಿಷ ಅದ್ದಿದ ಹಲಗೆ ತುಂಡುಗಳನ್ನು ವಿಮಾನದಿಂದ ಉದುರಿಸಿ ನೊಣವನ್ನು ಪೂರ್ತಿ ಇಲ್ಲವಾಗಿಸಿದರು. ಅದು ಸುತ್ತ ನೀರಿರುವ ದ್ವೀಪ. ನಮ್ಮ ಗುಡ್ಡಕ್ಕೆ ಬೇಲಿಯೇ ಇಲ್ಲ. ಪಕ್ಕದ ಗುಡ್ಡದಲ್ಲಿ ಕೂಡಿದ ಹೆಣ್ಣು ಇಲ್ಲಿ ಬಂದು ಮೊಟ್ಟೆಯಿಡುತ್ತದೆ.

ಹಾಗಾಗಿ ಟ್ರ್ಯಾಪನ್ನು ನಾನು ಈಗ ಮುಖ್ಯವಾಗಿ ಗಡಿಯಾರದ ಹಾಗೆ ಬಳಸುತ್ತೇನೆ. ಮಾರ್ಚ್ ಕೊನೆಗೆ, ಕಾಯಿ ಬಲಿಯುವ ಮೊದಲೇ ಎರಡು ಕಟ್ಟುತ್ತೇನೆ. ಆಳೆತ್ತರದಲ್ಲಿ, ನೆರಳಿನಲ್ಲಿ. ವಾರಕ್ಕೊಮ್ಮೆ ಬಿದ್ದ ನೊಣ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಲೆಕ್ಕ ದಿಢೀರ್ ಏರಿದರೆ ಕೊಯ್ಯುವ ಹೊತ್ತು ಬಂತು ಅಂತ. ನೆರೆಯ ಏಳೆಂಟು ಮನೆಯವರು ಒಟ್ಟಿಗೆ ಕಟ್ಟಿದರೆ ನೊಣ ಕಡಿಮೆಯೂ ಆಗುತ್ತದೆ. ಒಬ್ಬರೇ ಕಟ್ಟಿದರೆ ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಮದ್ದು ಎರಡು ತಿಂಗಳಿಗೊಮ್ಮೆ ಬದಲಾಯಿಸಿ.

ಪೇಟೆಗೆ ಹೋಗುವ ಮೊದಲು ನೊಣ ಇದೆಯಾ ಅಂತ ನೋಡಬೇಕೇ? ಕೃಷ್ಣ ತುಳಸಿಯ ಒಂದು ಹಿಡಿ ಎಲೆಯನ್ನು ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ ಮರದ ಕೆಳಗೆ ಇಡಿ. ತುಳಸಿಯಲ್ಲೂ ಅದೇ ಮಿಥೈಲ್ ಯುಜೆನಾಲ್ ಇದೆ. ನೊಣ ಇದ್ದರೆ ಸ್ವಲ್ಪ ಹೊತ್ತಿಗೇ ಬಂದು ಕೂರುತ್ತವೆ.

ಬಿದ್ದ ಹಣ್ಣನ್ನು ಎಲ್ಲಿ ಹಾಕುತ್ತೀರಿ?

ನಮ್ಮ ಮನೆಯ ನಿಜವಾದ ತಪ್ಪು ಇಲ್ಲಿತ್ತು. ಬಿದ್ದು ಒಡೆದ ಹಣ್ಣು, ಹುಳ ಇದೆ ಅಂತ ಎಸೆದದ್ದು, ಸಿಪ್ಪೆ, ಗೊರಟು ಎಲ್ಲವನ್ನೂ ಬುಟ್ಟಿಯಲ್ಲಿ ಒಯ್ದು ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆವು. ಗೊಬ್ಬರ ಆಗುತ್ತದಲ್ಲ ಅಂತ. ಬುಡದಲ್ಲಿ ತಂಪು, ಮೆತ್ತಗಿನ ಮಣ್ಣು, ದಿನಾ ನೀರು. ಕೋಶ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಒಂದು ದಿನ ಹಾರೆಯಿಂದ ಕೆದಕಿ ಒಂದು ಗೆರಸೆ ಮಣ್ಣು ಎತ್ತಿ ನೋಡಿದೆ. ಕೋಶಗಳು ಮುಷ್ಟಿಗಟ್ಟಲೆ. ಹಣ್ಣಿನ ಜೊತೆ ನೊಣವನ್ನೂ ನಾವೇ ಸಾಕಿದ್ದೆವು.

ಮೇಲೆ ತೆಳ್ಳಗೆ ಮಣ್ಣು ಮುಚ್ಚಿದರೂ ಪ್ರಯೋಜನವಿಲ್ಲ. ಹುಳಕ್ಕೆ ಬೇಕಾದದ್ದೇ ಮಣ್ಣು. ಹೂಳುವುದಾದರೆ ಎರಡು ಅಡಿಗಿಂತ ಆಳಕ್ಕೆ ಹೂತು ಮೇಲೆ ತುಳಿದು ಗಟ್ಟಿ ಮಾಡಬೇಕು. ದಿನಾ ಗುಂಡಿ ತೋಡಲು ಯಾರಿಗೆ ಆಗುತ್ತದೆ? ನಾವು ಮಾಡುವುದು ಹೀಗೆ. ಮೇ ಬಿಸಿಲು ಇರುವವರೆಗೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಅಂಗಳದ ಬಿಸಿಲಿಗೆ ವಾರ ಇಡುತ್ತೇವೆ. ಒಳಗೆ ಬೆಂದು ಹುಳ ಸಾಯುತ್ತದೆ. ಮಳೆ ಶುರುವಾದ ಮೇಲೆ ಮುಚ್ಚಳದ ಡ್ರಮ್ಮಿನಲ್ಲಿ ನೀರು ತುಂಬಿ ಅದಕ್ಕೆ ಹಾಕುತ್ತೇವೆ. ಹಣ್ಣು ತೇಲದ ಹಾಗೆ ಮೇಲೊಂದು ಕಲ್ಲು. ಹುಳ ಬಿದ್ದ ಹಣ್ಣನ್ನು ದನಕ್ಕೆ ಕೊಟ್ಟರೂ ಆಯಿತು, ಆದರೆ ತಿಂದು ಉಳಿದದ್ದು ಹಟ್ಟಿಯಲ್ಲಿ ಬಿದ್ದಿರಬಾರದು. ಗೋಬರ್ ಗ್ಯಾಸಿನ ತೊಟ್ಟಿಗೆ ಹಾಕಬೇಡಿ, ಗೊರಟು ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹೆಕ್ಕುವುದು ದಿನಾ ಆಗಬೇಕು. ಬೆಳಗ್ಗೆ ಬಿದ್ದ ಹಣ್ಣಿನಿಂದ ಬಲಿತ ಹುಳ ಸಂಜೆಯೊಳಗೇ ಮಣ್ಣು ಸೇರಬಹುದು. ನಾವು ಮರದ ಕೆಳಗಿನ ತರಗೆಲೆ ಗುಡಿಸಿ ಹಳೆಯ ಟಾರ್ಪಾಲು ಹಾಸಿದೆವು. ಹಣ್ಣು ಹೆಕ್ಕುವುದೂ ಸುಲಭ, ಹುಳಕ್ಕೆ ಮಣ್ಣೂ ಸಿಗುವುದಿಲ್ಲ. ಇಷ್ಟು ಮಾಡಿದ ಎರಡನೇ ವರ್ಷವೇ ವ್ಯತ್ಯಾಸ ಕಾಣಿಸಿತು.

ಕೊಯ್ಯುವ ದಿನ

ಕಾಟು ಮಾವನ್ನು ಕೊಯ್ಯುವ ರೂಢಿ ನಮ್ಮಲ್ಲಿ ಇಲ್ಲ. ಗಾಳಿಗೆ ಬಿದ್ದದ್ದನ್ನು ಹೆಕ್ಕುವುದು, ಅಷ್ಟೇ. ಮರದಲ್ಲೇ ಕಳಿತ ಹಣ್ಣಿನ ರುಚಿ ಬೇರೆ ಅನ್ನುವುದು ನಿಜ. ಆದರೆ ಅದು ಕಳಿಯುವ ಹತ್ತು ದಿನ ನೊಣಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಈಗ ಕೆಳಗಿನ ಕೊಂಬೆಗಳ ಕಾಯನ್ನು, ಹೆಗಲು ತುಂಬಿ ಬಲಿತ ಕೂಡಲೇ, ಹಸಿರಿರುವಾಗಲೇ ಬಲೆ ಕಟ್ಟಿದ ದೋಟಿಯಿಂದ ಇಳಿಸುತ್ತೇವೆ. ಸೊನೆ ಸೋರಿಸಿ, ತೊಳೆದು, ಬೈಹುಲ್ಲಿನಲ್ಲಿ ಅಡೆ ಹಾಕುತ್ತೇವೆ. ಮೇಲೆ ಗೋಣಿ. ಐದಾರು ದಿನಕ್ಕೆ ಹಣ್ಣು. ಮಾಂಬಳಕ್ಕೆ ಇದು ಚೆನ್ನಾಗಿಯೇ ಆಗುತ್ತದೆ. ಗೊಜ್ಜಿಗೆ ಒಂದು ಪಾಲು ಹುಳಿ ಜಾಸ್ತಿ ಇರುತ್ತದೆ, ಬೆಲ್ಲ ಸ್ವಲ್ಪ ಹೆಚ್ಚು ಹಾಕಿದರೆ ಸರಿ.

ಆದರೂ ಕೆಲವು ಕಾಯಿಗೆ ಆಗಲೇ ಚುಚ್ಚಿರುತ್ತದೆ. ಅದಕ್ಕೆ ಬಿಸಿನೀರು ಇದೆ. 2014ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ ಇದೇ ನೊಣದ ಕಾಟದಿಂದ ಭಾರತದ ಮಾವನ್ನು ನಿಲ್ಲಿಸಿತ್ತು. 2015ರ ಜನವರಿಯಲ್ಲಿ ತಡೆ ತೆಗೆದರು. ಅಲ್ಲಿಗೆ ಹೋಗುವ ಮಾವಿಗೆ 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ನಿಮಿಷ ಮುಳುಗಿಸಿಡುವ ಕ್ರಮ ಇದೆ. ಸಿಪ್ಪೆಯ ಕೆಳಗಿನ ಮೊಟ್ಟೆ, ಮರಿ ಸಾಯುತ್ತವೆ. ನಾವು ಅದನ್ನೇ ಬಚ್ಚಲಿನ ಹಂಡೆಯಲ್ಲಿ ಮಾಡಿದೆವು. ಒಲೆಯ ಬೆಂಕಿ ಹಿಂದೆ ಎಳೆದು, ಥರ್ಮಾಮೀಟರ್ ಇಳಿಬಿಟ್ಟು, ಐದು ನಿಮಿಷಕ್ಕೊಮ್ಮೆ ನೋಡುತ್ತಾ, ತಣ್ಣೀರು ಬಿಸಿನೀರು ಬೆರೆಸುತ್ತಾ ಇರಬೇಕು. ಕೈಯಂದಾಜು ನಂಬಬೇಡಿ. 45ಕ್ಕೆ ಇಳಿದರೆ ಹುಳ ಉಳಿಯುತ್ತದೆ, 50 ದಾಟಿದರೆ ಸಿಪ್ಪೆ ಬೆಂದು ಕಪ್ಪಾಗುತ್ತದೆ. ಗಟ್ಟಿ ಕಾಯಿಗೆ ಮಾತ್ರ ಇದು. ಬಣ್ಣ ತಿರುಗಿ ಮೆತ್ತಗಾದದ್ದು ತಡೆಯುವುದಿಲ್ಲ.

ಮರಕ್ಕೆ ಮದ್ದು ಹೊಡೆಯಬಹುದಾ?

ಬೇಡ. ಅರುವತ್ತು ಅಡಿ ಮರದ ತುದಿಗೆ ಪಂಪು ಮುಟ್ಟುವುದಿಲ್ಲ ಅನ್ನುವುದು ಒಂದು. ಹುಳ ಹಣ್ಣಿನೊಳಗೆ ಇರುವುದರಿಂದ ಮೇಲೆ ಬಿದ್ದ ಮದ್ದು ಅದಕ್ಕೆ ತಾಗುವುದಿಲ್ಲ ಅನ್ನುವುದು ಇನ್ನೊಂದು. ಅದಕ್ಕಿಂತ ದೊಡ್ಡದು, ಆ ಮರ ನಮ್ಮೊಬ್ಬರದ್ದಲ್ಲ. ರಾತ್ರಿ ಬಾವಲಿ ಬರುತ್ತದೆ, ಕಬ್ಬೆಕ್ಕು ಬರುತ್ತದೆ, ಹಗಲು ಅಳಿಲು, ಮಂಗ, ಮಂಗಟ್ಟೆ ಹಕ್ಕಿ. ಕೆಳಗೆ ಮಕ್ಕಳು ಬಿದ್ದ ಹಣ್ಣನ್ನು ಒರೆಸಿ ಹಾಗೇ ಚೀಪುತ್ತಾರೆ. ಅಂಥ ಮರಕ್ಕೆ ವಿಷ ಹೊಡೆಯಲು ನನಗೆ ಮನಸ್ಸು ಬರುವುದಿಲ್ಲ.

ಮರದಲ್ಲಿ ಚಗಳಿ ಗೂಡು ಇದ್ದರೆ ಅದನ್ನು ಇಳಿಸಬೇಡಿ. ಹಣ್ಣು ಹೆಕ್ಕುವಾಗ ಕಚ್ಚುತ್ತವೆ ಅಂತ ನಾವೂ ಮೊದಲು ಬೆಂಕಿ ತೋರಿಸುತ್ತಿದ್ದೆವು. ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಟಗಳಲ್ಲಿ, ಇದೇ ಕುಲದ ಇರುವೆಗಳು ಜಾಸ್ತಿ ಇದ್ದ ಮರಗಳಲ್ಲಿ ಹಣ್ಣು ನೊಣದ ಹಾವಳಿ ಕಡಿಮೆ ಅಂತ ಕಂಡುಕೊಂಡಿದ್ದಾರೆ. ಇರುವೆ ನೊಣ ಹಿಡಿಯುವುದಷ್ಟೇ ಅಲ್ಲ, ಇರುವೆ ಓಡಾಡಿದ ಹಣ್ಣಿನ ಮೇಲೆ ಉಳಿದ ವಾಸನೆಗೇ ನೊಣ ಹಿಂದೆ ಸರಿಯುತ್ತದೆ.

ಎಲ್ಲ ಮಾಡಿದೆ, ಇನ್ನೂ ಬರುತ್ತಿದೆ

ಹಾಗಿದ್ದರೆ ಮಾವಿನ ಮರ ಬಿಟ್ಟು ಅದರ ಸುತ್ತ ನೋಡಿ. ಮಾವು ಇಲ್ಲದ ತಿಂಗಳುಗಳಲ್ಲಿ ನೊಣ ಎಲ್ಲಿ ಬದುಕುತ್ತದೆ? ನಮ್ಮಲ್ಲಿ ಬಾವಿಕಟ್ಟೆಯ ಹತ್ತಿರ ಒಂದು ಪೇರಳೆ, ತೋಟದ ಬದಿಗೆ ಒಂದು ಧಾರೆಹುಳಿ, ಅದರಾಚೆ ಪನ್ನೇರಳೆ. ಯಾರೂ ತಿನ್ನದೆ ಉದುರಿ ಕೊಳೆಯುತ್ತಿದ್ದವು. ಒಂದು ಮುಗಿಯುವಾಗ ಇನ್ನೊಂದು, ವರ್ಷವಿಡೀ ನೊಣಕ್ಕೆ ಊಟ. ಪೇರಳೆಗೆ ಈಗ ಕಾಯಿ ನಿಂಬೆಯಷ್ಟು ಇರುವಾಗಲೇ ಕಾಗದದ ಚೀಲ ಕಟ್ಟುತ್ತೇವೆ. ಧಾರೆಹುಳಿಯನ್ನು ಹಸಿರಿರುವಾಗಲೇ ಕೊಯ್ದು ಉಪ್ಪಿನಕಾಯಿಗೆ ಹಾಕುತ್ತೇವೆ. ಪನ್ನೇರಳೆಯ ಬುಡಕ್ಕೆ ಡ್ರಮ್ಮು ಇನ್ನೂ ಇಟ್ಟಿಲ್ಲ, ಈ ಸಲ ಹೂ ಬಿಡುವ ಮೊದಲು ಇಡಬೇಕು.